ಚೌಕಿಯಲ್ಲಿ ಕಟ್ಟುವ ಧೈರ್ಯ: ಆಲ್ಟರ್ ಈಗೋ ಬಳಸುವ ಬಗೆ

ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಿಡಾರದಲ್ಲಿ, ಕಲಾವಿದ ತಾನೇ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಾನೆ. ಗೆಜ್ಜೆ ಕಟ್ಟಿ, ಕಿರೀಟವಿಟ್ಟು, ಚೌಕಿಯ ಗಣಪತಿಗೆ ಕೈಮುಗಿದು ಹೊರಡುವ ಹೊತ್ತಿಗೆ ಹಗಲಿನ ಮೆಲುದನಿಯ ಮನುಷ್ಯ ಕೀಚಕನಾಗಿ ಅಬ್ಬರಿಸಲು ತಯಾರಾಗಿರುತ್ತಾನೆ. ಆಟ ಮುಗಿದ ಮೇಲೆ ಬಣ್ಣ ಒರೆಸಿ ಚಾ ಕುಡಿದು ಮನೆಗೆ ಹೋಗುತ್ತಾನೆ. ಈಗ ಆಲ್ಟರ್ ಈಗೋ (ತನ್ನದೇ ಇನ್ನೊಂದು ರೂಪ) ಎಂದು ಕರೆಯುವ ತಂತ್ರ ಪೂರ್ತಿಯಾಗಿ ಇಷ್ಟರಲ್ಲೇ ಇದೆ: ಒಂದು ಪಾತ್ರ, ಅದರೊಳಗೆ ಹೊಗುವ ಒಂದು ಕ್ರಮ, ಹೊರಬರುವ ಒಂದು ಕ್ರಮ. ಹೆಚ್ಚಿನವರು ಪಾತ್ರವನ್ನಷ್ಟೇ ಆರಿಸಿ, ಉಳಿದೆರಡನ್ನು ಬಿಟ್ಟು, "ಇದೆಲ್ಲ ನಮಗೆ ಆಗಿಬರಲ್ಲ" ಎಂದು ಕೈಬಿಡುತ್ತಾರೆ.

ಇದರಿಂದ ಆಗುವುದೇನು ಎಂಬುದು ಮೊದಲು ಗೊತ್ತಿರಲಿ. ಭಯವಾದಾಗ ತಲೆಯಲ್ಲಿ ಓಡುವ ಪ್ರಶ್ನೆ "ನಾನು ಎಡವಿದರೆ ಏನಂದುಕೊಂಡಾರು?" ಎಂಬುದು. ಪಾತ್ರ ಹೊಕ್ಕಾಗ ಅದು "ಇವನು ಈಗ ಏನು ಮಾಡಬೇಕು?" ಎಂದು ಬದಲಾಗುತ್ತದೆ. ಗಮನ ನಿಮ್ಮ ಮಾನದಿಂದ ಕೆಲಸದ ಕಡೆಗೆ ಸರಿಯುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 4 ಮತ್ತು 6 ವರ್ಷದ 180 ಮಕ್ಕಳಿಗೆ 10 ನಿಮಿಷದ ಒಂದು ಬೇಸರದ ಕೆಲಸ ಕೊಟ್ಟು, ಬೇಕಾದಾಗ ಐಪ್ಯಾಡ್ ಆಟಕ್ಕೆ ಹೋಗಬಹುದು ಎಂದಿದ್ದರು. "ನಾನು ಕಷ್ಟಪಟ್ಟು ಕೆಲಸ ಮಾಡ್ತಿದ್ದೀನಾ?" ಎಂದು ಕೇಳಿಕೊಂಡವರಿಗಿಂತ, ಬ್ಯಾಟ್‌ಮ್ಯಾನ್‌ನಂಥ ಪಾತ್ರದ ವೇಷ ತೊಟ್ಟು "ಬ್ಯಾಟ್‌ಮ್ಯಾನ್ ಕಷ್ಟಪಟ್ಟು ಕೆಲಸ ಮಾಡ್ತಿದ್ದಾನಾ?" ಎಂದು ಕೇಳಿಕೊಂಡ ಮಕ್ಕಳು ಹೆಚ್ಚು ಹೊತ್ತು ಪಟ್ಟು ಹಿಡಿದು ಕೂತರು. ಇದು ಮಕ್ಕಳ ತಾಳ್ಮೆಯ ಮಾತು. ಇಂಟರ್‌ವ್ಯೂ ಗೆಲ್ಲಿಸುವ ಮಂತ್ರವೆಂದು ಯಾರೂ ಓದಿಕೊಳ್ಳಬೇಡಿ. ಓದದ ಪಾಠವನ್ನು ಯಾವ ಪಾತ್ರವೂ ಒಪ್ಪಿಸಿಕೊಡುವುದಿಲ್ಲ. ಗೊತ್ತಿದ್ದೂ ಬಾಯಿಗೆ ಬಾರದ್ದನ್ನು ಹೊರಗೆ ತರುವುದಷ್ಟೇ ಅದರ ಕೆಲಸ.

ಮೊದಲು ರಂಗಸ್ಥಳ ಗೊತ್ತುಮಾಡಿ, ಅದೂ ಒಂದೇ. "ಧೈರ್ಯವಂತನಾಗಬೇಕು" ಎಂದರೆ ಸಾಲದು. "ಸೋಮವಾರದ ಮೀಟಿಂಗಿನಲ್ಲಿ ನನ್ನ ಕೆಲಸದ ಬಗ್ಗೆ 2 ನಿಮಿಷ ಮಾತಾಡುವುದು" ಎಂಬಷ್ಟು ಚಿಕ್ಕದಾಗಿರಲಿ. ಅಲ್ಲಿ ನೀವು ಈಗ ಮಾಡುವ ಮೂರು ತಪ್ಪುಗಳನ್ನು ಬರೆಯಿರಿ: ದನಿ ಕೊನೆಗೆ ಇಳಿದುಹೋಗುತ್ತದೆ, ಮಾತು "ಸಾರಿ"ಯಿಂದ ಶುರುವಾಗುತ್ತದೆ, ಯಾರಾದರೂ ನಡುವೆ ಬಾಯಿ ಹಾಕಿದರೆ ಅಲ್ಲಿಗೇ ನಿಲ್ಲುತ್ತದೆ.

ಈ ಮೂರು ತಪ್ಪುಗಳನ್ನು ಮಾಡದವರು ಯಾರು ಎಂದು ಹುಡುಕುವುದೇ ಪಾತ್ರದ ಆಯ್ಕೆ. ಇಲ್ಲೇ ಬಹಳಷ್ಟು ಜನ ದಾರಿ ತಪ್ಪುತ್ತಾರೆ. ಸಿನಿಮಾ ಹೀರೋ, ಹುಲಿ, ಸಿಂಹ ಎಂದೆಲ್ಲ ಆರಿಸುತ್ತಾರೆ. ಹುಲಿ ಪವರ್‌ಪಾಯಿಂಟ್ ಹೇಗೆ ತೋರಿಸುತ್ತದೆಂದು ಯಾರಿಗೂ ಗೊತ್ತಿಲ್ಲವಾದ್ದರಿಂದ, ಬೇಕಾದ ಹೊತ್ತಿಗೆ ಅದು ಏನೂ ಹೇಳಿಕೊಡುವುದಿಲ್ಲ. ಹತ್ತಿರದಿಂದ ನೋಡಿದವರನ್ನು ಆರಿಸಿ. ಮೇಲಿನ ಮೂರು ತಪ್ಪಿಗೆ ಸರಿಯಾದ ಮದ್ದು, ನಮ್ಮ ಲೆಕ್ಕದಲ್ಲಿ, ತುಂಬಿದ ಬಸ್ಸಿನ ಕಂಡಕ್ಟರ್. ಅವನ ದನಿ ಹಿಂದಿನ ಸೀಟಿಗೆ ಮುಟ್ಟುತ್ತದೆ. ಟಿಕೆಟ್ ಕೇಳುವ ಮುಂಚೆ ಯಾರಲ್ಲೂ ಕ್ಷಮೆ ಕೇಳುವುದಿಲ್ಲ. ಉತ್ತರ ಬಾರದಿದ್ದರೆ ಚಾಚಿದ ಕೈ ಹಿಂದೆಗೆಯದೆ ನಿಲ್ಲುತ್ತಾನೆ. ಸಂಬಳ ಕೇಳಬೇಕಾದವರಿಗೆ ಸಂತೆಯಲ್ಲಿ ಚೌಕಾಸಿ ಮಾಡುವ ಅಜ್ಜಿ ಆದೀತು. ಪ್ರಶ್ನೆಗೆ ತಡವರಿಸುವವರಿಗೆ, ಬೋರ್ಡಿನ ಮುಂದೆ ಅರ್ಧ ನಿಮಿಷ ಸುಮ್ಮನೆ ನಿಂತು ಆಮೇಲೆ ಲೆಕ್ಕ ಬಿಡಿಸುತ್ತಿದ್ದ ಗಣಿತದ ಮೇಷ್ಟ್ರು.

ಚಿಕ್ಕದೊಂದು ಚೀಟಿಯಲ್ಲಿ ಪಾತ್ರದ ಹೆಸರು, ಅದರ ಕೆಳಗೆ ನಾಲ್ಕೇ ಸಾಲು ಬರೆಯಿರಿ. ಎಲ್ಲವೂ ಕ್ರಿಯೆಗಳಾಗಿರಬೇಕು. "ಧೈರ್ಯವಾಗಿರುತ್ತಾನೆ" ಎಂದು ಬರೆದರೆ ಕೈಕಾಲಿಗೆ ಏನೂ ತಿಳಿಯುವುದಿಲ್ಲ. "ಕೊನೆಯ ಪದವನ್ನೂ ಅಷ್ಟೇ ಜೋರಾಗಿ ಹೇಳುತ್ತಾನೆ", "ಎರಡೂ ಪಾದ ನೆಲಕ್ಕೆ ಊರಿ ನಿಲ್ಲುತ್ತಾನೆ", "ನಡುವೆ ಬಾಯಿ ಹಾಕಿದರೆ 'ಒಂದ್ನಿಮಿಷ, ಇದು ಮುಗಿಸಿಬಿಡ್ತೀನಿ' ಎನ್ನುತ್ತಾನೆ" ಎಂದು ಬರೆಯಿರಿ. ನಾಲ್ಕನೆಯ ಸಾಲು ಪಾತ್ರದಿಂದ ಏನು ಬೇಡ ಎಂಬುದಕ್ಕೆ. ಕಂಡಕ್ಟರನ ದನಿ ಬೇಕು, "ಚಿಲ್ರೆ ಕೊಡ್ರೀ" ಎಂಬ ಸಿಡುಕು ಬೇಡ. ಉಚ್ಚಾರಣೆಯ ಅನುಕರಣೆಯೂ ಬೇಡ; ಇಂಗ್ಲಿಷನ್ನು ಬೇರೆಯವರ ಧಾಟಿಯಲ್ಲಿ ಆಡಹೊರಟರೆ ಅರ್ಧ ಗಮನ ಅಲ್ಲೇ ಕಳೆಯುತ್ತದೆ. ಮಾಡದ ಕೆಲಸವನ್ನು ಮಾಡಿದ್ದೇನೆ ಎನ್ನುವ ಹಕ್ಕು ಪಾತ್ರಕ್ಕಂತೂ ಇಲ್ಲ.

ಇನ್ನು ಗೆಜ್ಜೆ. ಅಂದರೆ, ಪಾತ್ರ ಹೊಕ್ಕೆ ಎಂದು ಮೈಗೆ ತಿಳಿಸುವ ಒಂದು ಗುರುತು. ಅದಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಎದುರಿದ್ದವರ ಕಣ್ಣಿಗೆ ಬೀಳಬಾರದು, ದಿನದ ಬೇರೆ ಯಾವ ಕೆಲಸದಲ್ಲೂ ಬರಬಾರದು. ದಿನವಿಡೀ ಹಾಕುವ ಕನ್ನಡಕವನ್ನು ಗುರುತು ಮಾಡಿಕೊಂಡರೆ ಅಡುಗೆಮನೆಯಲ್ಲೂ ಕಂಡಕ್ಟರನೇ! ಉಂಗುರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುವುದು, ಅಂಗಿಯ ತೋಳನ್ನು ಎರಡು ಮಡಿಕೆ ಮಡಿಸುವುದು ಆಗಬಹುದು. ಆದರೆ ವಸ್ತುವನ್ನೇ ನಂಬಬೇಡಿ. ಸಿಇಟಿ, ನೀಟ್ ಪರೀಕ್ಷೆಗೆ ಕೈಗಡಿಯಾರ ಒಳಗೆ ಬಿಡುವುದಿಲ್ಲ. ಗಡಿಯಾರವನ್ನೇ ಗೆಜ್ಜೆ ಮಾಡಿಕೊಂಡವರ ಗತಿ ಗೇಟಿನಲ್ಲೇ ಮುಗಿಯಿತು. ಎಲ್ಲಿಗೂ ಬರುವುದು ಮೈ: ಎಡಗೈ ಹೆಬ್ಬೆರಳನ್ನು ಕಿರುಬೆರಳಿನ ಬುಡಕ್ಕೆ ಒತ್ತಿ, ಒಂದು ಉದ್ದ ಉಸಿರು ಬಿಟ್ಟು, ಪಾತ್ರದ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳುವುದು. (ವೈದ್ಯರ ಬಿಳಿ ಕೋಟು ತೊಟ್ಟರೆ ಏಕಾಗ್ರತೆ ಹೆಚ್ಚುತ್ತದೆ ಎಂದು 2012ರ ಒಂದು ಪ್ರಯೋಗ ಹೇಳಿತ್ತು. ಆಮೇಲೆ ಬೇರೆಯವರು ಅದನ್ನೇ ದೊಡ್ಡದಾಗಿ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಬಟ್ಟೆಗೆ ತನ್ನಷ್ಟಕ್ಕೆ ಶಕ್ತಿ ಬಾರದು, ಅಭ್ಯಾಸದಿಂದ ಬರಬೇಕು.)

ಅಭ್ಯಾಸಕ್ಕೆ 10 ದಿನ ಕೊಡಿ, ದಿನಕ್ಕೆರಡು ಸಲ, 5 ನಿಮಿಷದಂತೆ. ಗೆಜ್ಜೆ, ನಿಲುವು, ಮೊದಲ ಮೂರು ವಾಕ್ಯ ಗಟ್ಟಿಯಾಗಿ, ಆಮೇಲೆ ಗೆಜ್ಜೆ ಬಿಚ್ಚುವುದು. ಈ ಸರಣಿ ಬದಲಾಗಬಾರದು. ಮೊದಲ ವಾರ ಗಾಬರಿಯಾಗಿದ್ದಾಗ ಗುರುತನ್ನು ಮುಟ್ಟಲೇಬೇಡಿ. ನೆಮ್ಮದಿಯಲ್ಲಿ ಕೂಡಿಬರುವ ಮುಂಚೆಯೇ ಗಾಬರಿಯಲ್ಲಿ ಬಳಸಿದರೆ ಅದು ಗಾಬರಿಯ ಗುರುತಾಗಿಯೇ ಉಳಿಯುತ್ತದೆ. 1, 5 ಮತ್ತು 10ನೇ ದಿನ ಫೋನಿನಲ್ಲಿ ರೆಕಾರ್ಡ್ ಮಾಡಿ ಎರಡನ್ನೇ ಕೇಳಿಸಿಕೊಳ್ಳಿ: ವಾಕ್ಯದ ಕೊನೆಯ ಪದ ಕೇಳುತ್ತಿದೆಯೇ, "ಅಂದ್ರೆ... ಅದು..." ಎಷ್ಟು ಸಲ ಬಂತು. ಮುಖ ಹೇಗೆ ಕಾಣುತ್ತದೆ ಎಂದು ನೋಡಹೋದರೆ ಹಳೆಯ ಸಂಕೋಚ ವಾಪಸು ಬರುತ್ತದೆ. ನಂತರ ಸೋತರೂ ನಷ್ಟವಿಲ್ಲದ ಕಡೆ ಇಳಿಯಿರಿ: ಕಸ್ಟಮರ್ ಕೇರ್‌ಗೆ ದೂರು, ಹಾರ್ಡ್‌ವೇರ್ ಅಂಗಡಿಯಲ್ಲಿ ರೇಟು ಕೇಳುವುದು. ಅಂಥ ನಾಲ್ಕೈದು ಸಲ ಆದಮೇಲೆ ಸೋಮವಾರದ ಮೀಟಿಂಗು.

ಆ ದಿನ, ಬಾಗಿಲಿಗೆ ಮೂರು ನಿಮಿಷ ಮುಂಚೆ ಫೋನ್ ಒಳಗಿಡಿ. ಗೆಜ್ಜೆ ಬಾಗಿಲಲ್ಲಿ, ಕುರ್ಚಿಯಲ್ಲಿ ಕೂತ ಮೇಲೆ ತಡವಾಯಿತು. ಮೊದಲ ವಾಕ್ಯ ಬಾಯಿಪಾಠವಿರಲಿ. ಅದಾದ ಮೇಲೆ ಪಾತ್ರವನ್ನು ಮರೆತುಬಿಡಿ. "ಸರಿಯಾಗಿ ಅಭಿನಯಿಸುತ್ತಿದ್ದೇನಾ" ಎಂದು ನೋಡಿಕೊಳ್ಳುವುದು ಶುರುವಾದರೆ ಒಂದು ಭಯ ಹೋಗಿ ಇನ್ನೊಂದು ಬಂದಂತೆ. ನಡುವೆ ಕೈಕೊಟ್ಟರೆ ಪಾದ ಊರಿ, ಒಂದು ಗುಟುಕು ನೀರು ಕುಡಿದು, "ಆ ಪ್ರಶ್ನೆ ಇನ್ನೊಂದ್ಸಲ ಹೇಳ್ತೀರಾ?" ಎನ್ನಿ. ಕಂಡಕ್ಟರ್ ದಿನಕ್ಕೆ ನೂರು ಸಲ ಕೇಳುವ ಮಾತು ಅದು.

ಬಿಚ್ಚುವ ಕೆಲಸವನ್ನು ಹಗುರವಾಗಿ ನೋಡಬೇಡಿ. ಗುರುತನ್ನು ಉಲ್ಟಾ ಕ್ರಮದಲ್ಲಿ ಬಿಚ್ಚಿ, ಮುಖ ತೊಳೆದು, ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಅದು "ನಾನು" ಎಂದೇ ಶುರುವಾಗಲಿ. ಸೋತಾಗ "ಅವನು ಸೋತ" ಎಂದು ಬಿಟ್ಟರೆ ಕಲಿಯುವುದು ಏನೂ ಇಲ್ಲ. ಗೆದ್ದಾಗ "ಗೆದ್ದವನು ಅವನು" ಎಂದುಕೊಂಡರೆ ನಿಮ್ಮ ಪಾಲಿಗೆ ಧೈರ್ಯ ಉಳಿಯುವುದೇ ಇಲ್ಲ. ಬಿಚ್ಚದೆ ಮನೆಗೆ ಹೋದರೆ ಏನಾಗುತ್ತದೆಂದು ಮನೆಯವರೇ ಹೇಳುತ್ತಾರೆ. ಇನ್ನು, ಭಯಕ್ಕೆ ಊಟ ನಿದ್ದೆ ಕೆಟ್ಟಿದ್ದರೆ, ಕೆಲಸಕ್ಕೇ ಹೋಗಲಾಗದಿದ್ದರೆ ಇದು ವೇಷದಿಂದ ತೀರುವ ಸಂಗತಿಯಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಪಾತ್ರಕ್ಕೂ ಕೊನೆಯಿದೆ. ವೇದಿಕೆಗಾಗಿ ಸಾಶಾ ಫಿಯರ್ಸ್ ಎಂಬ ಪಾತ್ರ ಕಟ್ಟಿಕೊಂಡು 2008ರ ಆಲ್ಬಮ್ಮಿಗೂ ಆ ಹೆಸರಿಟ್ಟ ಗಾಯಕಿ ಬಿಯಾನ್ಸೆ, 2010ರ ಹೊತ್ತಿಗೆ ಇನ್ನು ಅವಳ ಅಗತ್ಯವಿಲ್ಲ ಎಂದರು. ನಿಮ್ಮದರ ಅಳತೆ ಸುಲಭ: ಸತತ ಮೂರು ಸಲ ಗೆಜ್ಜೆ ಕಟ್ಟುವುದನ್ನೇ ಮರೆತು ಮೀಟಿಂಗ್ ಮುಗಿಸಿದ್ದರೆ ಚೀಟಿ ಹರಿದುಹಾಕಿ. ಬೇರೆ ರಂಗಸ್ಥಳಕ್ಕೆ ಬೇರೆ ಪಾತ್ರ ಬೇಕಾದರೆ ಗುರುತನ್ನೂ ಬದಲಿಸಿ, ಹಳೆಯ ಹೆಬ್ಬೆರಳಿನ ಒತ್ತನ್ನು ಅದಕ್ಕೆ ಕೊಡಬೇಡಿ.