ಬೂಷ್ಟು ಹಿಡಿದ ಕ್ಯಾಸೆಟ್ಟಿನಿಂದ ಭಾಗವತರನ್ನು ಎಬ್ಬಿಸಿದ್ದು

ಮಂಗಳೂರಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿರುವ ಸ್ನೇಹಿತನೊಬ್ಬ ಮೂರು ವರ್ಷದ ಹಿಂದೆ ನಾನು ಕೊಂಡುಹೋದ ಹಳೆಯ ಯಕ್ಷಗಾನದ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನು ಸೀದಾ ಬಚ್ಚಲ ಒಲೆಗೆ ಹಾಕು ಮಾರಾಯ, ನಿನ್ನ ಟೇಪು ಓದುವ ಹೆಡ್ಡೂ ಹಾಳು, ದಿನವೂ ಹಾಳು" ಅಂದಿದ್ದ. ಅವನದ್ದು ತಪ್ಪಲ್ಲ. ಸುರುಳಿಯ ಅಂಚಿಗೆ ಕಾಯಿತುರಿ ಉದುರಿಸಿದ ಹಾಗೆ ಬೂಷ್ಟು ಕೂತಿತ್ತು. ಆ ಕ್ಯಾಸೆಟ್ಟು ಈಗ ಹಾಡುತ್ತದೆ. ಅದೊಂದೇ ಅಲ್ಲ, ನನ್ನ ಲೆಕ್ಕದ ಪುಸ್ತಕದಲ್ಲಿ ಕ್ಯಾಸೆಟ್ಟಿನ ನಾನೂರು ಬದಿ ದಾಟಿತು. ಪೂರ್ತಿ ಕೈಬಿಟ್ಟದ್ದು ಹನ್ನೆರಡೋ ಹದಿಮೂರೋ.

ಉಡುಪಿಯಲ್ಲಿ ನನ್ನದು ರೇಡಿಯೋ, ಟಿವಿ ರಿಪೇರಿ ಅಂಗಡಿ ಅಂತ ಬೋರ್ಡಿನಲ್ಲಿ ಉಂಟು. ಹೊಟ್ಟೆ ತುಂಬುವುದು ಮೊಬೈಲಿನ ಡಿಸ್‌ಪ್ಲೇ ಬದಲಿಸಿ. ಕ್ಯಾಸೆಟ್ಟಿನ ಕೆಲಸ ಸುರು ಮಾಡಿದ್ದು ಚಟಕ್ಕೆ. ಊರಿನ ಹಳೆಯ ಮನೆಗಳಲ್ಲಿ ಆಟದ, ಅಂದರೆ ಯಕ್ಷಗಾನದ, ಕ್ಯಾಸೆಟ್ಟು ಇಲ್ಲದ ಮನೆ ಕಡಿಮೆ. ಎಂಬತ್ತರ ದಶಕದಲ್ಲಿ ಗಲ್ಫಿಗೆ ಹೋದವರು ತಂದ, ರೇಡಿಯೋ ಟೇಪು ಎರಡೂ ಇರುವ ಟು-ಇನ್-ವನ್ನು, ಅದನ್ನು ಹೆಗಲಿಗೆ ಹಾಕಿಕೊಂಡು ಟೆಂಟಿನ ಆಟಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ರಾತ್ರಿಯಿಡೀ ತುಂಬಿಸಿಕೊಂಡು ಬರುವ ಅಣ್ಣಂದಿರು. ಒಂದು ಆಟಕ್ಕೆ ತೊಂಬತ್ತು ನಿಮಿಷದ ಸಿ-90 ಕ್ಯಾಸೆಟ್ಟು ಐದಾರು ಬೇಕು. ಮಗುಚಿ ಹಾಕುವ ಹೊತ್ತಿಗೆ ಭಾಗವತರು, ಅಂದರೆ ಆಟದಲ್ಲಿ ಹಾಡುವವರು, ಹೇಳಿದ ಪದ್ಯದ ಒಂದು ಸಾಲು ಹೋಗುತ್ತದೆ, ನಡುವೆ ಯಾರೋ ಕೆಮ್ಮುತ್ತಾರೆ, ತುಳುವಿನಲ್ಲಿ ನೆಲಗಡಲೆ ಕೇಳುತ್ತಾರೆ. ಅದೆಲ್ಲ ಹಾಗೇ ಉಂಟು.

ಒಂದು ಮಾತು ಗಮನಿಸಿ. ಮಳೆ ಬಿಟ್ಟು ಚಳಿ ಸುರುವಾಗುವಾಗ ಹೊರಟ ಆಟದ ಮೇಳಗಳು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಅಂದರೆ ರೆಕಾರ್ಡ್ ಆದದ್ದೆಲ್ಲ ಒಣ ಹವೆಯಲ್ಲಿ, ಕೊಳೆತದ್ದೆಲ್ಲ ಮುಂದಿನ ನಾಲ್ಕು ತಿಂಗಳು ಗೋದ್ರೇಜು ಕಪಾಟಿನೊಳಗೆ. ಜೋಪಾನ ಅಂತ ಕಬ್ಬಿಣದ ಕಪಾಟಿನಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟವರ ಕ್ಯಾಸೆಟ್ಟೇ ಹೆಚ್ಚು ಹಾಳು. ಕಟ್ಟಿಗೆ ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಗೋಣಿಯ ಪಕ್ಕ ಬಿಸಾಡಿದ್ದು ಮಸಿ ಹಿಡಿದು ಕಪ್ಪಾಗಿರುತ್ತದೆ, ಒಳಗಿನ ಟೇಪು ಹೊಸದರ ಹಾಗೆ. ಇದನ್ನು ನಾನು ಹತ್ತಿಪ್ಪತ್ತು ಮನೆಯಲ್ಲಿ ಕಂಡಿದ್ದೇನೆ.

ಇನ್ನು ನನ್ನ ಸೋಲುಗಳು. ಮೊದಲು ಆನ್‌ಲೈನಿನಲ್ಲಿ ಸಿಗುವ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ತರಿಸಿದೆ, ಸಾವಿರದ ಎಂಟುನೂರೋ ಏನೋ. ಸ್ವರ ಬಾವಿಯೊಳಗಿಂದ ಬಂದ ಹಾಗೆ, ಮೇಲಿಂದ ಮೋಟರಿನ ಗುಂಯ್ ಬೇರೆ. ಮಗನ ಮಗುವಿಗೆ ಆಡಲಿಕ್ಕೆ ಕೊಟ್ಟೆ. ಆಮೇಲೆ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಟೇಪು ಒರೆಸಿದೆ. ಬೂಷ್ಟಿನ ಜೊತೆ ಟೇಪಿನ ಕಂದು ಬಣ್ಣವೂ ಹತ್ತಿಗೆ ಬಂತು. ಬಣ್ಣ ಬಂತು ಅಂದರೆ ಹಾಡು ಹೋಯಿತು ಅಂತ. ಪಡುಬಿದ್ರೆ ಕಡೆಯ ಒಬ್ಬರದ್ದು, ಅವರ ತಂದೆ ಮದ್ದಳೆ ಬಾರಿಸಿದ್ದು, ಅದರಲ್ಲಿ ಎಂಟು ನಿಮಿಷ ಹೀಗೆ ನನ್ನ ಕೈಯಿಂದಲೇ ಅಳಿಸಿತು. ದುಡ್ಡು ತೆಗೆದುಕೊಳ್ಳಲಿಲ್ಲ, ಅದರಿಂದ ಎಂತ ಆಗುತ್ತದೆ.

ಬಿಸಿಲಿಗಿಟ್ಟು ನೋಡಿದೆ, ಮೇಲಿನ ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಬಾಗಿತು. ಎಲ್ಲಕ್ಕಿಂತ ದೊಡ್ಡ ದಡ್ಡತನ ಅಂದರೆ ಬೂಷ್ಟಿನದ್ದನ್ನು ಹಾಗೇ ಕ್ಯಾಸೆಟ್ಟು ನುಡಿಸುವ ಡೆಕ್ಕಿಗೆ ಹಾಕಿ ಓಡಿಸಿದ್ದು. ಅದು ಪುಡಿಯಾಗಿ ಹೆಡ್ಡು, ರೋಲರು, ಸಂದುಗೊಂದು ಎಲ್ಲ ಸೇರಿ, ಮರುದಿನ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಹತ್ತಿತು. ನನ್ನ ಎದೆಗೂ ಹತ್ತಿತು, ಮಳೆಗಾಲದ ಆಟಿ ತಿಂಗಳಿಡೀ ಗೊರಗೊರ. ಡಾಕ್ಟ್ರು ಬೈದ ಮೇಲೆ ಕೊರೊನಾ ಸಮಯದಲ್ಲಿ ಉಳಿದ ಎನ್-95 ಮಾಸ್ಕು ಹಾಕಿಯೇ ಕೂರುವುದು.

ದಾರಿ ತೋರಿಸಿದ್ದು ಅಟ್ಟ. ಒದ್ದೆ ಮಾಡುವುದೇ ತಪ್ಪು, ಒಣಗಿಸಬೇಕು. ಗುಜರಿಯಿಂದ ಕಂಪ್ರೆಸರ್ ಸತ್ತ ಫ್ರಿಜ್ಜಿನ ಪೆಟ್ಟಿಗೆ ತಂದೆ, 400 ರೂಪಾಯಿ, ಆಟೋದವನಿಗೆ 250. ಒಳಗೆ 15 ವ್ಯಾಟಿನ ಹಳೆಯ ಬಗೆಯ ಬಲ್ಬು, ಎಲ್‌ಇಡಿ ಹಾಕಿದರೆ ಬಿಸಿಯಾಗುವುದಿಲ್ಲ. ಕೆಳಗೆ ಟ್ರೇಯಲ್ಲಿ ಸಿಲಿಕಾ ಜೆಲ್ಲು, ಬಾಗಿಲಿಗೆ ತೇವಾಂಶ ತೋರಿಸುವ ಮೀಟರು. ಜುಲೈಯಲ್ಲಿ ನನ್ನ ಅಂಗಡಿಯೊಳಗೆ 90ರ ಹತ್ತಿರ ಇರುವುದು ಪೆಟ್ಟಿಗೆಯೊಳಗೆ 40, 45ಕ್ಕೆ ಇಳಿಯುತ್ತದೆ. ಹತ್ತು ಹನ್ನೆರಡು ದಿನ ಇಟ್ಟರೆ ಅಂಟುವ ಬೂಷ್ಟು ಒಣ ಧೂಳಾಗುತ್ತದೆ. ನೀಲಿ ಜೆಲ್ಲು ಗುಲಾಬಿಯಾದಾಗ ಕಾವಲಿಯಲ್ಲಿ ಹುರಿಯಬೇಕು. ದೋಸೆ ಕಾವಲಿಯಲ್ಲಿ ಅಲ್ಲ ಮಾರಾಯ್ರೆ, ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದ್ದು. ಅದಕ್ಕೇ ಬೇರೆ ಒಂದು ಇಡಿ. ನನ್ನ ಹೆಂಡತಿ ಒಂದು ವಾರ ಮಾತು ಬಿಟ್ಟಿದ್ದಳು.

ಒಣಗಿದ ಮೇಲೆ ಟೇಪನ್ನು ಕ್ಯಾಸೆಟ್ಟಿನ ಹಳೆಯ ಪ್ಲಾಸ್ಟಿಕ್ ಚಿಪ್ಪಿನಿಂದ ತೆಗೆದು ಸ್ಕ್ರೂ ಇರುವ ಚಿಪ್ಪಿಗೆ ಹಾಕುತ್ತೇನೆ. ಅಂಟಿಸಿದ ಚಿಪ್ಪಾದರೆ ಒಡೆಯುವುದೇ. ಚಿಪ್ಪಿಗೋಸ್ಕರ ಗುಜರಿಯಿಂದ ಹಳೆಯ ಭಕ್ತಿಗೀತೆ ಕ್ಯಾಸೆಟ್ಟು ಕಿಲೋ ಲೆಕ್ಕದಲ್ಲಿ ತರುತ್ತೇನೆ, ದೇವರು ಕ್ಷಮಿಸಲಿ. ಮತ್ತೆ ಹೆಡ್ಡು ಕಿತ್ತ ಒಂದು ಡೆಕ್ಕಿನಲ್ಲಿ ಟೇಪು ಎರಡು ಪದರ ಬಟ್ಟೆಯ ನಡುವೆ ಹಾದು ಸುತ್ತಿಕೊಳ್ಳುತ್ತದೆ, ಆಚೆ ಒಮ್ಮೆ ಈಚೆ ಒಮ್ಮೆ, ಜಗಲಿಯಲ್ಲಿ, ಪಕ್ಕದಲ್ಲಿ ವ್ಯಾಕ್ಯೂಮ್ ಕ್ಲೀನರ್ ಎಳೆಯುತ್ತಾ ಇರುತ್ತದೆ. ಬಟ್ಟೆ ಯಾವುದು, ಎಷ್ಟು ಬಿಗಿ ಅಂತ ಎಲ್ಲರೂ ಕೇಳುತ್ತಾರೆ. ಅದು ಹನ್ನೊಂದು ಬಗೆಯ ಬಟ್ಟೆ ಹಾಳು ಮಾಡಿ ಕಲಿತದ್ದು, ಇಲ್ಲಿ ಬರೆಯುವುದಿಲ್ಲ. ಕನ್ನಡಕ ಒರೆಸುವ ಬಟ್ಟೆ ಅಲ್ಲ, ಅಷ್ಟು ಹೇಳುತ್ತೇನೆ.

ಇಷ್ಟಕ್ಕೆ ಟೇಪು ಓಡಿತು, ಆದರೆ ಚೆಂಡೆಯ ಪೆಟ್ಟು ಹಲಗೆಗೆ ಹೊಡೆದ ಹಾಗೆ, ಅದರ ಜೊತೆಗಿನ ದೊಡ್ಡ ತಾಳ, ಚಕ್ರತಾಳ, ಉಂಟೋ ಇಲ್ಲವೋ ಅನ್ನುವ ಹಾಗೆ. ಸ್ಟುಡಿಯೋದ ಸ್ನೇಹಿತ ಮತ್ತೆ ನಕ್ಕ. ಹಳೆಯ ಟೇಪಿನ ಮೇಲ್ಸ್ವರ ಎಲ್ಲ ಸತ್ತುಹೋಗಿರುತ್ತದೆ, ಇನ್ನು ಕಂಪ್ಯೂಟರಿನಲ್ಲಿ ಟ್ರೆಬಲ್ ಏರಿಸಿಕೊಳ್ಳಬೇಕಷ್ಟೆ ಅಂದ. ಏರಿಸಿದರೆ ಬರುವುದು ಬರೀ ಸೊರಸೊರ.

ಸತ್ತದ್ದಲ್ಲ ಅಂತ ಗೊತ್ತಾದದ್ದು ಒಂದು ಸ್ಕ್ರೂವಿನಿಂದ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಉಂಟು, ಹೆಡ್ಡಿನ ವಾರೆ ಹೊಂದಿಸುವುದು ಅದೇ. ನಾವು ರಿಪೇರಿಯವರು ಕಂಪೆನಿ ಕೂರಿಸಿದ ಜಾಗ ಸರಿ ಅಂತ ಬಣ್ಣದ ಸೀಲು ಮುಟ್ಟುವುದಿಲ್ಲ. ಆದರೆ ಟೆಂಟಿನಲ್ಲಿ ತುಂಬಿಸಿದ ಆ ಟು-ಇನ್-ವನ್ನಿನ ಹೆಡ್ಡು ಬಸ್ಸಿನಲ್ಲಿ ಕುಲುಕಿ ಕೂದಲೆಳೆಯಷ್ಟು ವಾರೆಯಾಗಿತ್ತು. ವಾರೆ ಹೆಡ್ಡಿನಲ್ಲಿ ಬರೆದದ್ದನ್ನು ಅಷ್ಟೇ ವಾರೆಯಾಗಿ ಓದಬೇಕು. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುವ ಟೇಪಿನಲ್ಲಿ ತಾಳದ ಕಿಣಿಕಿಣಿಯ ಒಂದು ಅಲೆ ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಚಿಕ್ಕದು, ಕೂದಲೆಳೆ ಬಹಳ ಆಯಿತು. ಹಾಗಾಗಿ ಪ್ರತಿ ಕ್ಯಾಸೆಟ್ಟಿಗೆ, ಮಗುಚಿದರೆ ಆ ಬದಿಗೂ, ಸ್ಕ್ರೂ ಬೇರೆ ಬೇರೆ.

ಕಿವಿಯಿಂದ ಕೂರಿಸಬಹುದು, ಗಂಟೆ ಹಿಡಿಯುತ್ತದೆ. ನನ್ನ ಉಪಾಯ ಇದು. ಆಟದ ರೆಕಾರ್ಡಿಂಗ್ ಹೆಚ್ಚಿನದ್ದು ಮೋನೋ. ಸ್ಟೀರಿಯೋ ಡೆಕ್ಕಿನಲ್ಲಿ ಓಡಿಸಿದಾಗ ಎರಡು ಚಾನೆಲ್ಲಿನಲ್ಲೂ ಒಂದೇ ಸ್ವರ ಬರಬೇಕು. ಹಳೆಯ ಆಂಪ್ಲಿಫೈಯರಿನ ಎರಡು ಚಾನೆಲ್ಲಿನ ಕೆಂಪು ತುದಿಗಳ ನಡುವೆ ಒಂದು ಸ್ಪೀಕರ್ ಕಟ್ಟಿ, ಕಪ್ಪು ತುದಿ ಖಾಲಿ ಬಿಡಿ, ಬ್ಯಾಲೆನ್ಸ್ ಸಮ ಮಾಡಿ. ಈಗ ಕೇಳುವುದು ಎರಡರ ವ್ಯತ್ಯಾಸ ಮಾತ್ರ. ಸ್ಕ್ರೂ ತಿರುಗಿಸುತ್ತಾ ಹೋದ ಹಾಗೆ ಭಾಗವತರು ದೂರ ದೂರ ಹೋಗುತ್ತಾರೆ, ಒಂದು ಕಡೆ ಮಾಯವೇ ಆಗುತ್ತಾರೆ. ಅಲ್ಲಿ ನಿಲ್ಲಿಸಿ. ಸ್ವರ ಸತ್ತಲ್ಲಿ ಸ್ಕ್ರೂ ಸರಿ. ಸ್ಪೀಕರನ್ನು ವಾಪಸು ಕಟ್ಟಿದಾಗ ಚಕ್ರತಾಳ ಕಿವಿಯ ಪಕ್ಕ ಬಂದಿರುತ್ತದೆ. ಮೊದಲ ಸಲ ಹೀಗಾದಾಗ ರಾತ್ರಿ ಹನ್ನೊಂದೂವರೆ, ಅಂಗಡಿಯಲ್ಲಿ ಒಬ್ಬನೇ, ಎದ್ದು ನಿಂತುಬಿಟ್ಟೆ. ಕಾರಿನ ಐಸಿ ಹಾಕಿದ ಈಗಿನ ಆಂಪುಗಳಲ್ಲಿ ಇದನ್ನು ಮಾಡಬೇಡಿ, ಅವುಗಳ ಕಪ್ಪು ತುದಿ ಗ್ರೌಂಡ್ ಅಲ್ಲ. ನನ್ನದೊಂದು ಸುಟ್ಟಿತು, 650 ರೂಪಾಯಿ.

ಇನ್ನೊಂದು ತಮಾಷೆ. ಟೆಂಟಿಗೆ ಹೋದ ಟೇಪ್ ರೆಕಾರ್ಡರ್ ನಡೆಯುವುದು ಸೆಲ್ಲಿನಲ್ಲಿ. ಬೆಳಗಿನ ಜಾವಕ್ಕೆ ಸೆಲ್ಲು ಇಳಿಯುತ್ತದೆ, ಮೋಟರು ನಿಧಾನ ಆಗುತ್ತದೆ. ನಿಧಾನ ಬರೆದದ್ದನ್ನು ನಾವು ಸರಿಯಾದ ವೇಗದಲ್ಲಿ ಓಡಿಸಿದರೆ ಭಾಗವತರ ಸ್ವರ ಏರುತ್ತಾ ಏರುತ್ತಾ ಮಂಗಳ ಹಾಡುವಾಗ ಹುಡುಗನ ಸ್ವರ. ಎಷ್ಟು ಇಳಿಸಬೇಕು? ಟೇಪಿನಲ್ಲಿ ಸೇರಿದ ಕರೆಂಟಿನ ಗುಂಯ್ 50 ಹರ್ಟ್ಜ್ ಅಲ್ಲವಾ, ಅದನ್ನು ಅಳೆದರೆ ಆಯಿತು ಅಂತ ಬುದ್ಧಿವಂತಿಕೆ ಮಾಡಿದೆ. ದೇವಸ್ಥಾನದ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡಿ ಮಾತಾಡುವ ಯಕ್ಷಗಾನ, ಪ್ಲಗ್ಗಿಗೆ ಹಾಕಿ ತುಂಬಿಸಿದ್ದು, ಅದರಲ್ಲೇ ಪರೀಕ್ಷೆ ಮಾಡಿದೆ. ಒಂದು ಬದಿ ಸರಿ ಬಂತು, ಮತ್ತೊಂದು ಬದಿಯಲ್ಲಿ ಶ್ರುತಿಯೇ ಬೇರೆ. ಆ ಕಾಲದಲ್ಲಿ ನಮ್ಮ ಕರೆಂಟು 50ರಲ್ಲಿ ನಿಲ್ಲುತ್ತಿರಲಿಲ್ಲ, ಲೋಡು ಬಿದ್ದರೆ 49ಕ್ಕಿಂತ ಕೆಳಗೂ ಇಳಿಯುತ್ತಿತ್ತು ಅಂತ ಮೆಸ್ಕಾಂನಲ್ಲಿ ನಿವೃತ್ತರಾದ ಪರಿಚಯದವರೊಬ್ಬರು ಹೇಳಿದರು. ಹದಿನೈದು ದಿನ ನೀರಿಗೆ.

ಕೊನೆಗೆ ಕೆಲಸಕ್ಕೆ ಬಂದದ್ದು ಕಾಪುವಿನ ಹತ್ತಿರದ ಒಬ್ಬ ಅಜ್ಜ. ಹಿಂದೆ ಮದ್ದಳೆಗಾರರು, ಈಗ ಎಂಬತ್ತು ದಾಟಿದೆ. ಫೋನಿನಲ್ಲಿ ಅರ್ಧ ನಿಮಿಷ ಕೇಳಿಸಿದರೆ, "ಅವರು ಆ ತಿರುಗಾಟದಲ್ಲಿ ಕಪ್ಪು ಎರಡರಲ್ಲಿ ಹಾಡುತ್ತಿದ್ದದ್ದು, ಇದು ಬಿಳಿ ಮೂರರ ಹತ್ತಿರ ಬಂದಿದೆ, ಇಳಿಸು" ಅನ್ನುತ್ತಾರೆ. ಕಪ್ಪು, ಬಿಳಿ ಅಂದರೆ ಹಾರ್ಮೋನಿಯಂ ಮನೆಗಳ ಶ್ರುತಿ. ಮಗನ ಹಾರ್ಮೋನಿಯಂ ಒತ್ತಿ ಇಳಿಸುತ್ತೇನೆ. ಆಡಾಸಿಟಿ ಅನ್ನುವ, ಸ್ವರ ತಿದ್ದುವ ಸಾಫ್ಟ್‌ವೇರಿನಲ್ಲಿ ಸುರುವಿನಿಂದ ಕೊನೆಗೆ ಸ್ವಲ್ಪ ಸ್ವಲ್ಪವೇ ಜಾರಿಸುವ ವ್ಯವಸ್ಥೆ ಉಂಟು, ಪುಕ್ಕಟೆ. ಅಜ್ಜನಿಗೆ ಒಂದು ಕಟ್ಟು ವೀಳ್ಯದೆಲೆ ಸಂಬಳ.

ಎಐ ಸಹ ನೋಡಿದೆ, ಬಿಡಲಿಲ್ಲ. ಮಗ ಒಂದು ಗದ್ದಲ ತೆಗೆಯುವ ಆ್ಯಪು ಹಾಕಿಕೊಟ್ಟ, ತಿಂಗಳಿಗೆ ಸಾವಿರ ಚಿಲ್ಲರೆ. ಸೊರಸೊರ ಹೋಯಿತು, ಫ್ಯಾನಿನ ಶಬ್ದ ಹೋಯಿತು, ಜೊತೆಗೆ ಚೆಂಡೆಯೂ ಹೋಯಿತು! ಅದರ ಲೆಕ್ಕದಲ್ಲಿ ಚೆಂಡೆ ಗದ್ದಲ. ರಾಕ್ಷಸನ ಪ್ರವೇಶ, ಅಬ್ಬರ ಇಲ್ಲ, ವೇಷಧಾರಿ ಖಾಲಿ ಸಭಾಭವನದಲ್ಲಿ ಒಬ್ಬನೇ ಬೊಬ್ಬೆ ಹಾಕಿದ ಹಾಗೆ. ಎರಡನೇ ತಿಂಗಳ ದುಡ್ಡು ಕಟ್ಟಲಿಲ್ಲ. ತಾಳಮದ್ದಳೆಯ ಮಾತಿಗೆ ಮಾತ್ರ ಅಲ್ಪಸ್ವಲ್ಪ ಉಪಯೋಗ, ಅಲ್ಲಿಯೂ ಪಾತ್ರದ ಮಾತಾಡುವ ಅರ್ಥಧಾರಿಯ ಚಾಟಿಗೆ ಸಭೆ ನಕ್ಕದ್ದನ್ನು ತಿಂದುಹಾಕುತ್ತದೆ. ಸಭೆಯ ನಗು ಇಲ್ಲದೆ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಯಾರಿಗೆ ಬೇಕು.

ಶೇಣಿಯವರು ಅಂದದ್ದಕ್ಕೆ ನೆನಪಾಯಿತು. ಕ್ಯಾಸೆಟ್ಟಿನ ಮೇಲಿನ ಚೀಟಿ ನಂಬಬೇಡಿ. "ಕಾಳಿಂಗ ನಾವಡರು, ಅಳಿಸಬಾರದು" ಅಂತ ಕೆಂಪು ಶಾಯಿಯಲ್ಲಿ ಬರೆದದ್ದು ಕೈಗೆ ಬಂದಾಗ ನನಗೆ ಎರಡು ರಾತ್ರಿ ನಿದ್ದೆ ಇಲ್ಲ. ಹೆಸರಾಂತ ಭಾಗವತರು ಅವರು, ತೀರಿಹೋದದ್ದು 1990ರಲ್ಲಿ, ಮೂವತ್ತರ ಆಸುಪಾಸಿನ ಪ್ರಾಯ, ಹೊಸ ರೆಕಾರ್ಡಿಂಗ್ ಇನ್ನು ಎಲ್ಲಿಂದ ಬರಬೇಕು. ಹನ್ನೆರಡು ದಿನ ಒಣಗಿಸಿ ಹಾಕಿದರೆ ಒಳಗೆ ಮದುವೆ ಮನೆಯ ನಾಗಸ್ವರ, ಮೇಲಿಂದ ಯಾರೋ ಊಟಕ್ಕೆ ಕರೆಯುವುದು. ಮನೆಯವರಿಗೆ ಫೋನು ಮಾಡಿ ಹೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ "ಊಟಕ್ಕೆ ಕರೆಯುವುದು ನಮ್ಮ ಅಮ್ಮ ಆಗಿರಬಹುದು, ಅದನ್ನೇ ಕಳಿಸಿ" ಅಂದರು.

ದುಡ್ಡಿನ ವಿಷಯ. ಸುರುವಿನ ಎರಡು ವರ್ಷದಲ್ಲಿ ಕೈಯಿಂದ ಹೋದದ್ದು ಹತ್ತಿರ ಹತ್ತಿರ 40 ಸಾವಿರ. ಹಳೆಯ ಡೆಕ್ಕು ಮೂರು, ಒಂದು ಮಂಗಳೂರಿನ ಹಂಪನಕಟ್ಟೆಯ ಪರಿಚಯದವರಿಂದ 7 ಸಾವಿರಕ್ಕೆ, ಅದರ ಬೆಲ್ಟು ಕರಗಿ ಡಾಂಬರಾಗಿತ್ತು, ಉಗುರಿನ ಕಪ್ಪು ಹೋಗಲಿಕ್ಕೆ ವಾರ ಬೇಕಾಯಿತು. ಮೊದಲು ಬದಿಗೆ 100 ತೆಗೆದುಕೊಳ್ಳುತ್ತಿದ್ದೆ, ಈಗ 250, ಬೂಷ್ಟು ಇದ್ದರೆ 400. ಚೌಕಾಸಿ ಮಾಡಿದವರಿಗೆ ಫ್ರಿಜ್ಜಿನ ಬಾಗಿಲು ತೆಗೆದು ತೋರಿಸುತ್ತೇನೆ. ಅಸಲು ಬಂದಿದೆ, ಡಿಸ್‌ಪ್ಲೇ ಬದಲಿಸಿದಷ್ಟು ಲಾಭ ಇಲ್ಲ.

ಹಾರ್ಡ್ ಡಿಸ್ಕಿನದ್ದೂ ಹೇಳಿಬಿಡುತ್ತೇನೆ. 45 ನಿಮಿಷದ ಒಂದು ಬದಿ ಮೋನೋ ವೇವ್ ಫೈಲಾದರೆ 240 ಎಂಬಿ. ಒಂದು ಟಿಬಿ ಡಿಸ್ಕಿನಲ್ಲಿ ಎಲ್ಲವನ್ನೂ ತುಂಬಿಸಿ ನೆಮ್ಮದಿಯಲ್ಲಿದ್ದೆ. ಮೇ ತಿಂಗಳ ಸಿಡಿಲಿಗೆ ಡಿಸ್ಕು ಹೋಯಿತು, ಅರುವತ್ತು ಬದಿ ಅದರಲ್ಲಿ ಮಾತ್ರ ಇದ್ದದ್ದು. ಪುಣ್ಯಕ್ಕೆ ಕ್ಯಾಸೆಟ್ಟುಗಳನ್ನು ಯಾರೂ ಬಿಸಾಡಿರಲಿಲ್ಲ, ಮನೆಮನೆಗೆ ಹೋಗಿ ವಾಪಸು ತಂದು ಮತ್ತೆ ಓಡಿಸಿದೆ. ಈಗ ಎರಡು ಡಿಸ್ಕು, ಮೂರನೆಯದ್ದು ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ. ಫೈಲು ಕೊಡುವಾಗ ಕ್ಯಾಸೆಟ್ಟನ್ನು ಕೈಗಿಟ್ಟು, ಅಟ್ಟ ಇದ್ದರೆ ಅಟ್ಟದಲ್ಲಿಡಿ ಅನ್ನುತ್ತೇನೆ. ಈಗ ಅಟ್ಟ ಯಾರ ಮನೆಯಲ್ಲಿ ಉಂಟು, ಎಲ್ಲ ಸ್ಲ್ಯಾಬು.

ಆ ಸ್ಟುಡಿಯೋದ ಸ್ನೇಹಿತ ಮೊನ್ನೆ ಗಣೇಶ ಚೌತಿ ಕಳೆದು ಬಂದ. ಕೈಯಲ್ಲಿ ಅಕ್ಕಿ ಚೀಲ, ಒಳಗೆ ಹದಿನಾಲ್ಕು ಕ್ಯಾಸೆಟ್ಟು, ಅವನ ತಂದೆ ತುಂಬಿಸಿದ್ದು. ಒಲೆಯ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ರೇಟು ಹೇಳಿದೆ, ಒಪ್ಪಿದ. ಹನ್ನೊಂದು ಪೆಟ್ಟಿಗೆಯಲ್ಲಿ ಒಣಗುತ್ತಾ ಉಂಟು. ಉಳಿದ ಮೂರು ಸಿ-120. ಅದರ ಟೇಪು ಸಿ-90ಕ್ಕಿಂತಲೂ ತೆಳು, ನನ್ನ ಬಟ್ಟೆಯ ಬಿಗಿಗೆ ಎಳೆದು ಹೋಗುತ್ತದೆ. ಪೂರ್ತಿ ಕೈಬಿಟ್ಟವುಗಳಲ್ಲಿ ಒಂಬತ್ತು ಅದೇ ಜಾತಿಯದ್ದು. ಖಾಲಿ ಸಿ-120 ಎಲ್ಲಿಯಾದರೂ ಸಿಕ್ಕಿದರೆ ಮೊದಲು ಅದರಲ್ಲಿ ಪ್ರಯೋಗ ಮಾಡಿ, ಮಳೆ ಪೂರ್ತಿ ಬಿಟ್ಟ ಮೇಲೆ ಇವನದ್ದು ಮುಟ್ಟುವುದು ಅಂತ ಇದ್ದೇನೆ.