ಕಾಫಿ ಸ್ಟೋರಿಗೂ ಹೋಂಸ್ಟೇಗೂ ವಿಮಾ ಬ್ರೋಕರನ್ನು ಆರಿಸಿಕೊಂಡ ನನ್ನ ಅನುಭವ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬರೆ (ಗುಡ್ಡದ ಕಡಿದಾದ ಇಳಿಜಾರು) ಕುಸಿದ ಮೇಲೆ, ಕೊಡಗಿನ ಸುಂಟಿಕೊಪ್ಪದ ಸಮೀಪದ ನಮ್ಮ ತೋಟದಲ್ಲಿರುವ ಮನೆ, ಕಾಫಿ ಮೂಟೆಗಳನ್ನಿಡುವ ಸ್ಟೋರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಿರುವ ಪಲ್ಪರ್ ಮನೆ ಮತ್ತು ಹೋಂಸ್ಟೇ ಕೊಠಡಿಗಳಿಗೆ ಸರಿಯಾದ ವಿಮೆ ಇರಲೇಬೇಕೆಂದು ನಿರ್ಧರಿಸಿದೆ. ಏಜೆಂಟರು ವಿಮಾ ಕಂಪನಿಯ ಪ್ರತಿನಿಧಿಗಳಾದರೆ ಬ್ರೋಕರು ಗ್ರಾಹಕನ ಪರವಾಗಿ ಹಲವು ಕಂಪನಿಗಳಿಂದ ದರ ತರಿಸಿ ಹೋಲಿಸಿ ಕೊಡುವವರು. ಮನೆ, ವ್ಯಾಪಾರ, ದಾಸ್ತಾನು ಎಲ್ಲವೂ ಒಂದೇ ಆವರಣದಲ್ಲಿರುವ ನಮ್ಮಂಥವರಿಗೆ ಬ್ರೋಕರೇ ಸೂಕ್ತವೆನಿಸಿತು.

ಪರಿಚಯದ ಬೆಳೆಗಾರರು ಹೇಳಿದ ಹೆಸರುಗಳನ್ನು ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಜಾಲತಾಣದಲ್ಲಿನ ಪಟ್ಟಿಯೊಂದಿಗೆ ತಾಳೆ ನೋಡಿದೆ. ಆಗ ಬ್ರೋಕರ್ ನೋಂದಣಿಗೆ 3 ವರ್ಷಗಳ ಅವಧಿ ಇದ್ದುದರಿಂದ ಅದು ಚಾಲ್ತಿಯಲ್ಲಿದೆಯೇ ಎಂಬುದನ್ನೂ ಗಮನಿಸಿದೆ. ತಮ್ಮ ಕಮಿಷನ್‌ನಲ್ಲಿ ಒಂದು ಪಾಲನ್ನು ನನಗೇ ಬಿಟ್ಟುಕೊಡುವುದಾಗಿ ಒಬ್ಬರು ಹೇಳಿದರು. 1938ರ ವಿಮಾ ಕಾಯ್ದೆಯ 41ನೇ ಕಲಮು ಅದನ್ನು ನಿಷೇಧಿಸುವುದರಿಂದ ಅವರನ್ನು ಅಲ್ಲಿಗೇ ಕೈಬಿಟ್ಟೆ. ಕೊನೆಗೆ ನಾನು ಒಪ್ಪಿಕೊಂಡದ್ದು, ದರ ಹೇಳುವ ಮೊದಲು ತೋಟ ನೋಡಬೇಕೆಂದು ಮೈಸೂರಿನಿಂದ ಬಂದ ಬ್ರೋಕರನ್ನು.

ಅವರು ಸ್ಟೋರಿನ ಹಿಂದಿನ ಬರೆಯನ್ನೂ, ಮಾಡಿನ ಮೇಲಕ್ಕೆ ವಾಲಿದ್ದ ಸಿಲ್ವರ್ ಓಕ್ ಮರವನ್ನೂ ನೋಡಿ ಚಿತ್ರ ತೆಗೆದುಕೊಂಡರು. ಯಾವ ತಿಂಗಳಲ್ಲಿ ಎಷ್ಟು ಮೂಟೆ ಇರುತ್ತದೆ ಎಂದು ದಾಸ್ತಾನು ಪುಸ್ತಕ ತೆರೆಸಿ ಕೇಳಿದರು. ಕೊಯ್ಲು ಮುಗಿಯುವ ಹೊತ್ತಿಗೆ ಸ್ಟೋರು ತುಂಬಿರುತ್ತದೆ, ವಿಮಾ ಮೊತ್ತ ಆ ಗರಿಷ್ಠ ದಾಸ್ತಾನಿಗೆ ಹೊಂದಬೇಕೆಂದು ವಿವರಿಸಿದರು. 20 ಲಕ್ಷದ ಸರಕಿಗೆ 10 ಲಕ್ಷದ ವಿಮೆ ಮಾಡಿಸಿದರೆ, ವಿಮೆ ಸರಕಿನ ಅರ್ಧದಷ್ಟೇ ಆಗುವುದರಿಂದ, 4 ಲಕ್ಷದ ನಷ್ಟಕ್ಕೂ ಸುಮಾರು ಅರ್ಧವೇ ಸಿಗಬಹುದು ಎಂಬ ಲೆಕ್ಕವನ್ನು ಅವರು ಕಾಗದದ ಮೇಲೆ ಬರೆದು ತೋರಿಸಿದ್ದು ನನಗೆ ಬಹಳ ಉಪಯೋಗವಾಯಿತು. ವಾಸದ ಮನೆಗೆ ಭಾರತ್ ಗೃಹ ರಕ್ಷಾ, ಅತಿಥಿಗಳ ಕೊಠಡಿಗಳಿಗೂ ಸ್ಟೋರಿಗೂ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂದು ಬೇರೆ ಬೇರೆ ಪಾಲಿಸಿಗಳಾದವು. 2021ರ ಏಪ್ರಿಲ್‌ನಿಂದ ಬಂದ ಈ ಎರಡೂ ಪಾಲಿಸಿಗಳಲ್ಲಿ ಬಿರುಗಾಳಿ, ಪ್ರವಾಹ, ಭೂಕುಸಿತ ಸೇರಿವೆ. ಗಿಡದಲ್ಲಿರುವ ಕಾಫಿಗೆ ಈ ಪಾಲಿಸಿಗಳಲ್ಲಿ ರಕ್ಷಣೆಯಿಲ್ಲವೆಂಬುದನ್ನು ಅವರು ಮೊದಲೇ ಸ್ಪಷ್ಟಪಡಿಸಿದ್ದರು.

ಮುಂದೊಂದು ಮಳೆಗಾಲದಲ್ಲಿ ಗಾಳಿಗೆ ಮರವೊಂದು ಸ್ಟೋರಿನ ಮೇಲೆ ಬಿದ್ದು ಶೀಟು ಒಡೆದು ಮೂಟೆಗಳು ನೆನೆದವು. ಚಿತ್ರ ತೆಗೆಯದೆ ಮರ ಕಡಿಯಬಾರದು, ನೆನೆಯದ ಮೂಟೆಗಳನ್ನು ಬೇರೆಡೆಗೆ ಸಾಗಿಸಬೇಕು, ನೆನೆದವನ್ನು ಎಸೆಯದೆ ಪ್ರತ್ಯೇಕವಾಗಿಡಬೇಕು ಎಂದು ಬ್ರೋಕರ್ ಫೋನಿನಲ್ಲೇ ಹೇಳಿ, ಅದೇ ದಿನ ಕಂಪನಿಗೆ ಇಮೇಲ್ ಕಳುಹಿಸಿದರು. ನಷ್ಟ ಅಂದಾಜು ಮಾಡಲು ಕಂಪನಿ ನೇಮಿಸಿದ ಸರ್ವೇಯರ್ ಬಂದಾಗ ದಾಸ್ತಾನು ಪುಸ್ತಕವೂ ಹಳೆಯ ಚಿತ್ರಗಳೂ ಸಿದ್ಧವಿದ್ದವು. ನೆನೆದ ಕಾಫಿಗೆ ಸಿಗಬಹುದಾದ ಬೆಲೆಯನ್ನೂ ಪಾಲಿಸಿಯಲ್ಲಿ ನಾವೇ ಭರಿಸಬೇಕಾದ ಮೊತ್ತವನ್ನೂ ಕಳೆದು ಉಳಿದದ್ದು ಖಾತೆಗೆ ಬಂತು.

ಪರಿಹಾರ ಮಂಜೂರು ಮಾಡುವ ಅಧಿಕಾರ ಬ್ರೋಕರಿಗಿಲ್ಲ, ಅದು ಕಂಪನಿಯದು. ಕಂಪನಿಗೆ ಲಿಖಿತ ದೂರು ಕೊಟ್ಟರೂ ನ್ಯಾಯ ಸಿಗದಿದ್ದರೆ, ಗ್ರಾಹಕರ ವಿಮಾ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಈಗ ಪ್ರತಿ ವರ್ಷ ನವೀಕರಣಕ್ಕೆ ಮುಂಚೆ ಕಾಫಿ ದರವನ್ನೂ ಹೊಸ ಕಟ್ಟಡಗಳನ್ನೂ ಮುಂದಿಟ್ಟುಕೊಂಡು ನಾವಿಬ್ಬರೂ ಮೊತ್ತವನ್ನು ಪರಿಷ್ಕರಿಸುತ್ತೇವೆ.