ಕಾರಿಗೆ ಗೀರು ಬಿತ್ತು: ಕ್ಲೇಮ್ ಮಾಡಬೇಕಾ, ಬೇಡ್ವಾ?

ತಿರುವಿನಲ್ಲಿ ಆಟೋ ಉಜ್ಜಿಕೊಂಡು ಹೋಯಿತು. ಎಡಗಡೆ ಡೋರು ನಗ್ಗಿದೆ, ಫೆಂಡರ್ ತನಕ ಪೇಂಟ್ ಕಿತ್ತುಬಂದಿದೆ. ಇನ್ಶೂರೆನ್ಸ್ ಇದೆಯಲ್ಲ ಅಂತ ನೇರ ಗ್ಯಾರೇಜಿಗೆ ಓಡಬೇಡಿ.

ಮೊದಲು ಅಲ್ಲೇ ಫೋಟೊ ತೆಗೆಯಿರಿ. ನಂಬರ್ ಪ್ಲೇಟ್ ಕಾಣುವಂತೆ ಒಂದು, ಪೆಟ್ಟು ಬಿದ್ದ ಜಾಗವನ್ನು ಹತ್ತಿರದಿಂದ ಎರಡು ಮೂರು. ಆಮೇಲೆ ಪಾಲಿಸಿ ನೋಡಿ. ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಕಾರಿನ ಪೇಂಟಿಗೆ ನಯಾಪೈಸೆ ಸಿಗುವುದಿಲ್ಲ. 'ಓನ್ ಡ್ಯಾಮೇಜ್', ಅಂದರೆ ನಿಮ್ಮ ಕಾರಿಗಾದ ಹಾನಿಯ ಕವರ್, ಇರಬೇಕು. ಇದ್ದರೆ ಕಂಪನಿಗೆ ತಡಮಾಡದೆ ತಿಳಿಸಿ, ಆರ್‌ಸಿ, ಡಿಎಲ್ ತೆಗೆದಿಟ್ಟುಕೊಳ್ಳಿ. ಕಂಪನಿ ಕಡೆಯ ಸರ್ವೇಯರ್ ಬಂದು ಹಾನಿ ನೋಡುವ ತನಕ ರಿಪೇರಿಗೆ ಕೈ ಹಾಕಿಸಬೇಡಿ.

ಸರ್ವೇಯರ್ ಕಣ್ಣು ಬಲು ಚುರುಕು. ನಮ್ಮ ಕಾರಿನ ಹಿಂದಿನ ಬಂಪರ್‌ನಲ್ಲಿ ಗೇಟಿಗೆ ತಗುಲಿದ ಹಳೇ ಗೀರೊಂದಿತ್ತು. ಇದೂ ಜೊತೆಗೆ ಸೇರಿಹೋಗಲಿ ಅಂತ ಸುಮ್ನೆ ನಿಂತಿದ್ದೆ. ಅವರು ಗೀರಿನೊಳಗೆ ಉಗುರು ಆಡಿಸಿ, ಅಲ್ಲಿ ಕೂತಿದ್ದ ಕಪ್ಪು ಕೊಳೆ ತೋರಿಸಿ, "ಇದು ಹಳೇದಲ್ವಾ ಸರ್?" ಎಂದರು. ಹೌದೆನ್ನದೆ ಬೇರೆ ದಾರಿ ಇರಲಿಲ್ಲ. ಅಪಘಾತಕ್ಕೆ ಸಂಬಂಧವಿಲ್ಲದ ಗೀರು, ತುಕ್ಕು, ಬಿಸಿಲಿಗೆ ಮಾಸಿದ ಬಣ್ಣ ಯಾವುದೂ ಕ್ಲೇಮಿಗೆ ಬರುವುದಿಲ್ಲ.

ಇನ್ನು ಲೆಕ್ಕ. "ಪೇಂಟಿಗೆ ಅರ್ಧ ದುಡ್ಡು ಕಟ್" ಎನ್ನುವ ಮಾತು ಕೇಳಿರುತ್ತೀರಿ. ಅದು ಅರ್ಧ ನಿಜ. 50% ಸವಕಳಿ (ಹಳತಾದದ್ದಕ್ಕೆ ಕಳೆಯುವ ಮೊತ್ತ) ಹಿಡಿಯುವುದು ಪೇಂಟಿನ ಸಾಮಗ್ರಿಗೆ ಮಾತ್ರ, ಕೂಲಿಗಲ್ಲ. ಎರಡನ್ನೂ ಸೇರಿಸಿ ಒಂದೇ ಬಿಲ್ ಹಾಕಿದ್ದರೆ ಅದರಲ್ಲಿ 25% ಸಾಮಗ್ರಿ ಎಂದು ಲೆಕ್ಕ. 8,000 ರೂಪಾಯಿಯ ಪೇಂಟಿಂಗ್ ಬಿಲ್ಲಿನಲ್ಲಿ ಸಾಮಗ್ರಿ 2,000, ಕಟ್ ಆಗುವುದು 1,000. 1500 ಸಿಸಿ ತನಕದ ಕಾರಾದರೆ ಪ್ರತಿ ಕ್ಲೇಮಿಗೂ ನಿಮ್ಮ ಕೈಯಿಂದ ಹೋಗುವ ಕಡ್ಡಾಯ 1,000 ಬೇರೆ. ಉಳಿದ 6,000 ಕಂಪನಿಯದ್ದು. ಜೀರೋ ಡೆಪ್ (ಸವಕಳಿ ಕಳೆಯದ ಹೆಚ್ಚುವರಿ ಕವರ್) ಇದ್ದರೆ ಸವಕಳಿಯ ಸಾವಿರವೂ ಉಳಿಯುತ್ತದೆ. ಅದಿಲ್ಲದೆ ಹೊಸ ಬಂಪರ್ ಹಾಕಿಸಿದರೆ ಮಾತ್ರ ಜೇಬಿಗೆ ಜಾಸ್ತಿ ಪೆಟ್ಟು. ಅದು ಪ್ಲಾಸ್ಟಿಕ್ಕಿನದು, ಅರ್ಧ ಬೆಲೆ ನಿಮ್ಮ ತಲೆಗೇ.

ಕ್ಲೇಮ್ ಫಾರಂಗೆ ಸಹಿ ಹಾಕುವ ಮುಂಚೆ ಎನ್‌ಸಿಬಿ (ನೋ ಕ್ಲೇಮ್ ಬೋನಸ್) ನೋಡಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ಈ ರಿಯಾಯಿತಿ 20, 25, 35, 45, 50% ಅಂತ ಏರುತ್ತದೆ. ಒಂದು ಕ್ಲೇಮ್ ಸಾಕು, ಸೊನ್ನೆಗೆ ಬಂತು. ಓನ್ ಡ್ಯಾಮೇಜ್ ಪ್ರೀಮಿಯಂ 8,000, ಎನ್‌ಸಿಬಿ 50% ಅಂದುಕೊಳ್ಳಿ. ಕ್ಲೇಮ್ ಮಾಡಿದರೆ ಮುಂದಿನ ವರ್ಷ 4,000 ರಿಯಾಯಿತಿ ಹೋಯಿತು. ಆಮೇಲೆ ಎನ್‌ಸಿಬಿ ಮತ್ತೆ 20%ನಿಂದ ಏರುತ್ತಾ ಹೋದಂತೆ ವರ್ಷವರ್ಷದ ನಷ್ಟ 2,400, 2,000, 1,200, 400. ಪ್ರೀಮಿಯಂ ಅಷ್ಟೇ ಇದ್ದರೆ, ಮತ್ತೆ 50% ಮುಟ್ಟುವಷ್ಟರಲ್ಲಿ ಒಟ್ಟು 10,000. ಆರು ಸಾವಿರ ಪಡೆಯಲು ಹತ್ತು ಸಾವಿರ! ಎನ್‌ಸಿಬಿ ಪ್ರೊಟೆಕ್ಟ್ (ಕ್ಲೇಮ್ ಮಾಡಿದರೂ ರಿಯಾಯಿತಿ ಉಳಿಸುವ ಹೆಚ್ಚುವರಿ ಕವರ್) ತೆಗೆದುಕೊಂಡವರ ಲೆಕ್ಕ ಬೇರೆ. ಎರಡು ಪ್ಯಾನೆಲ್ ಪೇಂಟ್ ಅಷ್ಟೇ ಆದರೆ ನಾನಂತೂ ಕೈಯಿಂದಲೇ ಕೊಟ್ಟುಬಿಡುತ್ತೇನೆ.

ದುಡ್ಡು ಯಾರದ್ದಾದರೂ ಸರಿ, ಕಾರು ಬಿಡಿಸಿಕೊಳ್ಳುವಾಗ ಬಿಸಿಲಿಗೆ ತರಿಸಿ ನೋಡಿ. ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಎಲ್ಲ ಬಿಳಿಯೂ ಒಂದೇ ಥರ ಕಾಣುತ್ತದೆ. ಪಕ್ಕದ ಡೋರಿಗೆ ಬಣ್ಣ ಹೊಂದಿದೆಯಾ, ರಬ್ಬರ್ ಬೀಡಿಂಗ್ ಮೇಲೆ ಪೇಂಟ್ ಹಾರಿದೆಯಾ ನೋಡಿ, ಆಮೇಲೆ ಕೀ ಈಸಿಕೊಳ್ಳಿ.